ಡೆಕ್ ಮೆಟ್ಟಿಲಿನ ಸ್ಟ್ರಿಂಗರ್: ಒಟ್ಟಿಗೆ ಕೊಯ್ಯುವ ಪದ್ಧತಿಯ ವಿಮರ್ಶೆ

ಡೆಕ್ ಮೆಟ್ಟಿಲಿನ ಭಾರವನ್ನೆಲ್ಲ ಹೊರುವುದು ಸ್ಟ್ರಿಂಗರ್. ಅಮೆರಿಕ ಮತ್ತು ಕೆನಡಾಗಳಲ್ಲಿ ಮನೆಗೆ ಹೊಂದಿಸಿ, ನೆಲದಿಂದ ಎತ್ತರಿಸಿ ಕಟ್ಟುವ ತೆರೆದ ಮರದ ಜಗಲಿಯೇ ಡೆಕ್. ಅಲ್ಲಿಂದ ಅಂಗಳಕ್ಕೆ ಇಳಿಯುವ ಮೆಟ್ಟಿಲಿನ ಕೆಳಗೆ, ಮೇಲಂಚಿನಲ್ಲಿ ಸಾಲಾಗಿ ಕಚ್ಚು ತೆಗೆದು ಓರೆಯಾಗಿ ನಿಲ್ಲಿಸಿದ ಹಲಗೆಗಳು ಸ್ಟ್ರಿಂಗರುಗಳು. ಇದಕ್ಕೆ ಬಳಸುವುದು ಮರದಂಗಡಿಯ ಲೆಕ್ಕದ 2×12 ಹಲಗೆ; ನಿಜವಾದ ಅಳತೆ 1½ ಇಂಚು ದಪ್ಪ, 11¼ ಇಂಚು ಅಗಲ. ದಕ್ಷಿಣದ ರಾಜ್ಯಗಳಲ್ಲಿ ಅದು ಸಾಮಾನ್ಯವಾಗಿ ಒತ್ತಡ ಹಾಕಿ ಔಷಧಿ ಕುಡಿಸಿದ ಸದರ್ನ್ ಪೈನ್ ಮರ.

ಒಂದೇ ಸ್ಟ್ರಿಂಗರಿನಿಂದ ಮೆಟ್ಟಿಲಾಗುವುದಿಲ್ಲ. ಅಮೆರಿಕನ್ ವುಡ್ ಕೌನ್ಸಿಲ್‌ನ ಡೆಕ್ ಕೈಪಿಡಿಯ ಪ್ರಕಾರ ಕಚ್ಚು ತೆಗೆದ ಸ್ಟ್ರಿಂಗರುಗಳ ನಡುವಿನ ಅಂತರ 18 ಇಂಚು ಮೀರಬಾರದು. ಹಾಗಾಗಿ ಮೂರು ಅಡಿ ಅಗಲದ ಮೆಟ್ಟಿಲಿಗೆ ಮೂರು ಬೇಕು. ಪ್ಲಾಸ್ಟಿಕ್ ಬೆರೆಸಿದ ಹಲಗೆ ಹಾಸುವುದಾದರೆ ಅದು ಹೆಚ್ಚು ಬಾಗುವುದರಿಂದ ತಯಾರಕರು ಅನೇಕ ವೇಳೆ 12 ಇಂಚು ಅಥವಾ ಇನ್ನೂ ಕಡಿಮೆ ಅಂತರ ಕೇಳುತ್ತಾರೆ. ಆಗ ನಾಲ್ಕು ಅಡಿಗೆ ಐದು, ಎಂಟು ಅಡಿಗೆ ಒಂಬತ್ತು. ಒಂದೇ ಆಕಾರವನ್ನು ಇಷ್ಟು ಸಲ ಕೊಯ್ಯಬೇಕಾದಾಗ ಎಲ್ಲವನ್ನೂ ಒಟ್ಟಿಗೆ ಪೇರಿಸಿ ಒಂದೇ ಏಟಿಗೆ ಮುಗಿಸಬಾರದೇಕೆ ಎಂಬ ಯೋಚನೆ ಸಹಜ. ಈ ಯೋಚನೆಗೆ ಹಿನ್ನೆಲೆಯೂ ಇದೆ. ಎರಡನೆಯ ಮಹಾಯುದ್ಧದ ನಂತರ ಕ್ಯಾಲಿಫೋರ್ನಿಯದಲ್ಲಿ ಒಂದೇ ನಮೂನೆಯ ಮನೆಗಳು ಬಡಾವಣೆಗಟ್ಟಲೆ ಎದ್ದಾಗ, ಒಂದು ಬಗೆಯ ಕೆಲಸವನ್ನು ಎಲ್ಲ ತುಂಡುಗಳ ಮೇಲೂ ಒಮ್ಮೆಲೇ ಮಾಡಿ ಮುಗಿಸುವ ಬಡಗಿತನ ಅಲ್ಲಿ ಬೇರೂರಿತು. ಆ ಪರಂಪರೆಯ ಲ್ಯಾರಿ ಹಾನ್ 1992ರಲ್ಲಿ ಬರೆದ ‘ದಿ ವೆರಿ ಎಫಿಶಿಯಂಟ್ ಕಾರ್ಪೆಂಟರ್’ ಆ ಕೆಲಸದ ಕ್ರಮವನ್ನು ಪುಸ್ತಕಕ್ಕೆ ತಂದಿತು. ಗೋಡೆಯ ಕಂಬಗಳಿಗೂ ತೊಲೆಗಳಿಗೂ ಅದು ಚೆನ್ನಾಗಿ ಒಪ್ಪುತ್ತದೆ. ಸ್ಟ್ರಿಂಗರಿಗೆ ಅದರ ಅರ್ಧ ಮಾತ್ರ ಒಪ್ಪುತ್ತದೆ: ಗುರುತು ಹಾಕುವ ಕೆಲಸವನ್ನು ಒಟ್ಟಿಗೆ ಮಾಡಬಹುದು, ಕೊಯ್ಯುವುದನ್ನು ಬಿಡಿಬಿಡಿಯಾಗಿಯೇ ಮಾಡಬೇಕು.

ಕೆಲಸ ಶುರುವಾಗುವುದು ಒಂದು ಅಚ್ಚುಹಲಗೆಯಿಂದ. ಡೆಕ್ಕಿನ ಮೇಲ್ಮೈ ನೆಲದಿಂದ 37½ ಇಂಚು ಎತ್ತರವಿದ್ದರೆ 7½ ಇಂಚಿನ ಐದು ಏರುಗಳು (ಏರು ಎಂದರೆ ಒಂದು ಮೆಟ್ಟಿಲಿನ ಎತ್ತರ) ಬರುತ್ತವೆ. ಹಾಸನ್ನು, ಅಂದರೆ ಕಾಲಿಡುವ ಜಾಗದ ಆಳವನ್ನು, 10¼ ಇಂಚು ಹಿಡಿದರೆ, ಅಮೆರಿಕದ ವಸತಿ ಕಟ್ಟಡ ಸಂಹಿತೆ ಕೇಳುವ ಗರಿಷ್ಠ 7¾ ಇಂಚಿನ ಏರು, ಕನಿಷ್ಠ 10 ಇಂಚಿನ ಹಾಸು ಎರಡಕ್ಕೂ ಸರಿಹೋಗುತ್ತದೆ. ಕಚ್ಚಿನ ಆಳ ಸುಮಾರು 6 ಇಂಚು. ಅದರ ಕೆಳಗೆ 5 ಇಂಚಿಗಿಂತ ತುಸು ಹೆಚ್ಚು ಮರ ಉಳಿಯುತ್ತದೆ. ಕೈಪಿಡಿ ಕೇಳುವ ಕನಿಷ್ಠವೂ 5 ಇಂಚೇ. ಮೆಟ್ಟಿಲಿನ ಬಲವೆಲ್ಲ ಈ ಕಿರುಪಟ್ಟಿಯಲ್ಲಿದೆ ಎಂಬುದನ್ನು ಮರೆತು ಬರೆದ ಸಲಹೆಗಳೇ ಹೆಚ್ಚು.

ಉಕ್ಕಿನ ಮೂಲೆಮಟ್ಟವನ್ನು ಹಲಗೆಯ ಅಂಚಿನ ಮೇಲೆ ಒಂದೊಂದೇ ಮೆಟ್ಟಿಲಿನಂತೆ ಸರಿಸುತ್ತ ಹೋಗುವುದು ಹಳೆಯ ಕ್ರಮ. ಅದರಲ್ಲಿ ಪ್ರತಿ ಸರಿತದ ಕೂದಲೆಳೆಯ ತಪ್ಪು ಮುಂದಿನದಕ್ಕೆ ಸೇರಿಕೊಳ್ಳುತ್ತದೆ. ಒಂದು ಮೆಟ್ಟಿಲಿನ ಇಳಿಜಾರಿನ ಉದ್ದವನ್ನು ಮೊದಲೇ ಲೆಕ್ಕ ಹಾಕಿಕೊಂಡರೆ ಈ ತೊಂದರೆ ಇಲ್ಲ. 7½ ಮತ್ತು 10¼ಕ್ಕೆ ಅದು 12.7 ಇಂಚು. ಟೇಪನ್ನು ಒಂದೇ ತುದಿಗೆ ಸಿಕ್ಕಿಸಿ 12.7, 25.4, 38.1, 50.8 ಎಂದು ಗುರುತಿಸಿ, ಆ ಗುರುತುಗಳಿಗೆ ಮೂಲೆಮಟ್ಟ ಹೊಂದಿಸಿ ಗೆರೆ ಎಳೆಯಬೇಕು. ಸಂಹಿತೆಯ ಪ್ರಕಾರ ಒಂದು ಮೆಟ್ಟಿಲುಸಾಲಿನ ಅತಿ ದೊಡ್ಡ ಏರಿಗೂ ಅತಿ ಚಿಕ್ಕ ಏರಿಗೂ 3/8 ಇಂಚಿಗಿಂತ ಹೆಚ್ಚು ವ್ಯತ್ಯಾಸ ಇರಕೂಡದು. ಅಷ್ಟು ಸಣ್ಣ ವ್ಯತ್ಯಾಸಕ್ಕೂ ಇಳಿಯುವವರ ಕಾಲು ಎಡವುತ್ತದೆ. ಬುಡದಲ್ಲಿ ಹಾಸುಹಲಗೆಯ ದಪ್ಪದಷ್ಟು, ಸಾಮಾನ್ಯವಾಗಿ ಒಂದು ಇಂಚು, ಕೊಯ್ದು ತೆಗೆಯುವುದು ಕೂಡ ಈ ಕಾರಣಕ್ಕೇ. ತೆಗೆಯದಿದ್ದರೆ ಮೊದಲ ಏರು 8½ ಇಂಚಾಗಿ, ಕೊನೆಯದು 6½ಕ್ಕೆ ಇಳಿಯುತ್ತದೆ.

ಅಚ್ಚುಹಲಗೆಯನ್ನು ಕೊಯ್ದ ಮೇಲೆ ಜಾಗದಲ್ಲಿ ನಿಲ್ಲಿಸಿ, ಪ್ರತಿ ಹಾಸಿನ ಮೇಲೂ ರಸಮಟ್ಟ ಇಟ್ಟು ನೋಡದೆ ಎರಡನೆಯದಕ್ಕೆ ಕೈ ಹಾಕಬಾರದು. ಅವಸರದಲ್ಲಿ ಬಿಟ್ಟುಹೋಗುವ ಹೆಜ್ಜೆ ಇದೇ. ಅಚ್ಚಿನಲ್ಲಿ ತಪ್ಪಿದ್ದರೆ ಹಾಳಾಗುವುದು ಒಂದಲ್ಲ, ಐದು ಹಲಗೆ.

ಅಚ್ಚು ಸರಿಯಿದ್ದರೆ ನಕಲು ತೆಗೆಯುವುದು ಸುಲಭ. ಪ್ರತಿ ಹಲಗೆಗೂ ಅಂಚಿನಲ್ಲಿ ಸಣ್ಣ ಬಾಗು ಇರುತ್ತದೆ; ಉಬ್ಬಿದ ಅಂಚು ಮೇಲೆ ಬರುವಂತೆ ಮೊದಲೇ ಗುರುತು ಮಾಡಿಡಬೇಕು. ಅಚ್ಚನ್ನು ಹೊಂದಿಸುವುದು ಮೇಲಂಚಿಗೆ, ಕೆಳಂಚಿಗಲ್ಲ. ಔಷಧಿ ಕುಡಿಸಿ ಹಸಿಯಾಗಿಯೇ ಮಾರುವ ಹಲಗೆಗಳು ಅಗಲದಲ್ಲಿ ಒಂದರಂತೆ ಒಂದು ಇರುವುದಿಲ್ಲ. ಕೆಳಂಚಿಗೆ ಹೊಂದಿಸಿದರೆ ಆ ವ್ಯತ್ಯಾಸವೆಲ್ಲ ಕಾಲಿಡುವ ಜಾಗಕ್ಕೆ ಬರುತ್ತದೆ. ಎಲ್ಲ ನಕಲುಗಳನ್ನೂ ಮೊದಲ ಅಚ್ಚಿನಿಂದಲೇ ತೆಗೆಯಬೇಕೆನ್ನುವುದಕ್ಕೂ ಗಟ್ಟಿ ಕಾರಣವಿದೆ. ಪೆನ್ಸಿಲ್ ಗೆರೆ ಅಚ್ಚಿನ ಹೊರಗೆ ಬೀಳುತ್ತದೆ. ಅದರ ದಪ್ಪ 1/32 ಇಂಚು ಎಂದಿಟ್ಟುಕೊಂಡು, ಗೆರೆ ಉಳಿಸಿ ಕೊಯ್ದು, ನಕಲಿನಿಂದ ನಕಲು ಮಾಡುತ್ತ ಹೋದರೆ ಐದನೆಯ ಸ್ಟ್ರಿಂಗರ್ ಮೊದಲನೆಯದಕ್ಕಿಂತ 1/8 ಇಂಚು ಎತ್ತರವಾಗುತ್ತದೆ. ಹಾಸುಹಲಗೆ ಅದರ ಮೇಲೆ ಕೂತು ಉಳಿದೆಡೆ ಅಲ್ಲಾಡುತ್ತದೆ.

ಇನ್ನು ಪೇರಿಸಿ ಕೊಯ್ಯುವ ವಿಚಾರ. ಸಾಮಾನ್ಯ 7¼ ಇಂಚಿನ ಚಕ್ರಗರಗಸ ಸುಮಾರು 2½ ಇಂಚು ಆಳ ಇಳಿಯುತ್ತದೆ, ಅಂದರೆ ಒಂದೇ ಹಲಗೆ. ನಾಲ್ಕನ್ನು ಒಟ್ಟಿಗೆ ಕೊಯ್ಯಲು 16 ಇಂಚಿಗೂ ಮೀರಿದ ಅಲಗಿನ, ತೊಲೆ ಕೊಯ್ಯುವ ಗರಗಸವೇ ಬೇಕು. ಅದು 6¼ ಇಂಚಿನವರೆಗೆ ಇಳಿಯುತ್ತದೆ. ಮೇಲ್ನೋಟಕ್ಕೆ ನಾಲ್ಕರಷ್ಟು ವೇಗ. ಆದರೆ ಅಲಗು ದುಂಡಗಿದೆ, ಕಚ್ಚಿನ ಮೂಲೆ ದುಂಡಗಿಲ್ಲ. ಮೇಲಿನ ಹಲಗೆಯಲ್ಲಿ ಅಲಗು ಒಳಮೂಲೆಯನ್ನು ಮುಟ್ಟಿ ನಿಂತಾಗ ಕೆಳಮುಖದಲ್ಲಿ ಕೊಯ್ತ ಇನ್ನೂ ಹಿಂದೆಯೇ ಇರುತ್ತದೆ. ನಾಲ್ಕು ಹಲಗೆಯ ಪೇರಿಕೆಯಲ್ಲಿ ಈ ಉಳಿಕೆ ಲೆಕ್ಕಕ್ಕೆ ಸುಮಾರು 6 ಇಂಚು ಬರುತ್ತದೆ. 7½ ಇಂಚಿನ ಏರುಗೆರೆಯಲ್ಲಿ ತಳದ ಹಲಗೆಗೆ ಸಿಕ್ಕ ಕೊಯ್ತ ಒಂದೂವರೆ ಇಂಚಷ್ಟೇ. ಉಳಿದದ್ದನ್ನು ಕಿರಿದಾದ ನೇರ ಅಲಗಿನ ಜಿಗ್‌ಸಾದಲ್ಲಿ ಬಿಡಿಯಾಗಿ ಮುಗಿಸಲೇಬೇಕು, ಅದೂ ಗೆರೆಯೇ ಇಲ್ಲದ ಹಲಗೆಯ ಮೇಲೆ. ಗೆರೆ ಇದ್ದದ್ದು ಮೇಲಿನ ಒಂದರಲ್ಲಿ ಮಾತ್ರ. ಬೇಸತ್ತು ಅಲಗನ್ನು ಮೂಲೆಯಾಚೆಗೆ ಓಡಿಸಿದರೆ ಗಾಯವಾಗುವುದು ಆ 5 ಇಂಚಿನ ಪಟ್ಟಿಗೆ. ಅಲಗು ಅರ್ಧ ಡಿಗ್ರಿ ವಾಲಿದ್ದರೂ 6 ಇಂಚು ಇಳಿಯುವಷ್ಟರಲ್ಲಿ ಕೊಯ್ತ 1/20 ಇಂಚು ಪಕ್ಕಕ್ಕೆ ಸರಿದಿರುತ್ತದೆ. ಒಂದೊಂದು ಹಲಗೆಯ ಬಾಗು ಒಂದೊಂದು ಬಗೆ ಇರುವುದರಿಂದ ಮೇಲಂಚುಗಳು ಪೇರಿಕೆಯಲ್ಲಿ ಪೂರ್ತಿ ಕೂಡುವುದೂ ಅಪರೂಪ. ಇಷ್ಟೆಲ್ಲ ನೋಡಿದ ಮೇಲೆ ನಾಲ್ಕರ ಪೇರಿಕೆಯನ್ನು ವೇಗದ ವಿಧಾನ ಎನ್ನಲಾಗದು. 10¼ ಇಂಚಿನ ಗರಗಸದಲ್ಲಿ ಎರಡೆರಡನ್ನೇ ಜೋಡಿಸಿದರೆ ಉಳಿಕೆ 2¼ ಇಂಚಿನ ಆಸುಪಾಸಿಗೆ ಇಳಿಯುತ್ತದೆ. ಅಂಥ ಗರಗಸ ಈಗಾಗಲೇ ಕೈಯಲ್ಲಿದ್ದವರಿಗೆ ಅಷ್ಟು ಸಾಕು.

ಬಿಡಿ ಹಲಗೆಯಲ್ಲೂ ಈ ಉಳಿಕೆ ಇದೆ, ಸಣ್ಣ ಪ್ರಮಾಣದಲ್ಲಿ. ಅಲಗನ್ನು ಪೂರ್ತಿ ಇಳಿಸಿದರೆ ಸುಮಾರು 1 ಇಂಚು, ಮರದಿಂದ ಕಾಲು ಇಂಚು ಮಾತ್ರ ಹೊರಬರುವಂತೆ ಇಟ್ಟರೆ 1¾ ಇಂಚು. ಪೂರ್ತಿ ಇಳಿಸುವುದೇ ಜಾಣತನ ಎಂದು ತೋರಬಹುದು. ಆದರೆ ಹಲಗೆಯಡಿ ಬರಿಯ ಹಲ್ಲು ಹೆಚ್ಚು ಚಾಚಿದಷ್ಟೂ ಅಪಾಯ ಹೆಚ್ಚು, ಜಿಗ್‌ಸಾಗೆ ಮುಕ್ಕಾಲು ಇಂಚು ಹೆಚ್ಚಾದರೆ ಕಳೆಯುವುದು ಕೆಲವೇ ಕ್ಷಣ. ಕಾಲು ಇಂಚಿನ ರೂಢಿಯನ್ನು ಮುರಿಯಲು ಇಲ್ಲಿ ಕಾರಣವಿಲ್ಲ. ಸಮಯ ನಿಜವಾಗಿ ಉಳಿಯುವುದು ಕ್ರಮದಿಂದ: ಎಲ್ಲ ಹಲಗೆಗಳ ಏರುಗೆರೆಗಳನ್ನು ಮೊದಲು, ಹಾಸುಗೆರೆಗಳನ್ನು ಆಮೇಲೆ, ಮೂಲೆಗಳನ್ನೆಲ್ಲ ಕೊನೆಗೆ ಜಿಗ್‌ಸಾದಲ್ಲಿ ಮುಗಿಸುವುದು. ಹೀಗೆ ಮಾಡಿದರೆ ಸಲಕರಣೆ ಬದಲಾಗುವುದು ಹಲಗೆಗೊಮ್ಮೆ ಅಲ್ಲ, ಇಡೀ ಕೆಲಸಕ್ಕೆ ಒಮ್ಮೆ.

ಒಂಬತ್ತು ಅಥವಾ ಹೆಚ್ಚು ಬೇಕಾದಲ್ಲಿ ಪ್ಲೈವುಡ್ ಅಚ್ಚಿಗೂ ತಿರುಗುವ ಬಿಟ್ಟಿನಿಂದ ಅಂಚು ಸವರುವ ರೂಟರಿಗೂ ಬೆಲೆ ಬರುತ್ತದೆ. ಗೆರೆಯಿಂದ ಸ್ವಲ್ಪ ಹೊರಗೆ ಒರಟಾಗಿ ಕೊಯ್ದು, ಬೇರಿಂಗ್ ಇರುವ ಬಿಟ್ಟನ್ನು ಅಚ್ಚಿನ ಅಂಚಿಗೆ ಒರಗಿಸಿ ಸವರಿದರೆ ನಕಲುಗಳ ನಡುವೆ ಕಣ್ಣಿಗೆ ಕಾಣುವ ವ್ಯತ್ಯಾಸ ಉಳಿಯದು. ಒಳಮೂಲೆ ಬಿಟ್ಟಿನಷ್ಟೇ ದುಂಡಗಾಗುತ್ತದೆ. ಏರುಹಲಗೆ ಒತ್ತಿ ಕೂರಬೇಕಿದ್ದರೆ ಉಳಿಯಿಂದ ಬಿಡಿಸಬೇಕು. ಮೂರು ಸ್ಟ್ರಿಂಗರಿಗೆ ಈ ಏರ್ಪಾಡು ದುಂದು.

ಒಟ್ಟಿಗೆ ಮಾಡುವುದರಿಂದ ಪೂರ್ತಿ ಲಾಭವಾಗುವ ಕೆಲಸ ಇನ್ನೊಂದಿದೆ, ಅದಕ್ಕೆ ಸಿಗಬೇಕಾದ ಗಮನ ಸಿಕ್ಕಿಲ್ಲ. ಕುಡಿಸಿದ ಔಷಧಿ ಮರದ ತಿರುಳಿನವರೆಗೆ ಹೋಗಿರುವುದಿಲ್ಲ. ಪ್ರತಿ ಕಚ್ಚೂ ಹಸಿ ಮರವನ್ನು ಮಳೆಗೆ ತೆರೆದಿಡುತ್ತದೆ. ಕೊಯ್ದ ಜಾಗಕ್ಕೆ ಮತ್ತೆ ಔಷಧಿ ಬಳಿಯಬೇಕೆಂದು ಸಂಹಿತೆಯೇ ಹೇಳುತ್ತದೆ. ಸಾಮಾನ್ಯವಾಗಿ ಬಳಸುವುದು ತಾಮ್ರದ ನ್ಯಾಫ್ಥನೇಟ್. ಸ್ಟ್ರಿಂಗರುಗಳನ್ನು ಜಾಗದಲ್ಲಿ ಕೂರಿಸಿದ ಮೇಲೆ ಇದನ್ನು ಮಾಡಹೊರಟರೆ ಡೆಕ್ಕಿಗೆ ತಾಗುವ ಬದಿ, ಬುಡ ಎರಡೂ ತಪ್ಪಿಹೋಗುತ್ತವೆ. ಎಲ್ಲವನ್ನೂ ಅಂಚಿನ ಮೇಲೆ ಸಾಲಾಗಿ ನಿಲ್ಲಿಸಿದರೆ ಒಂದೇ ಕುಂಚದಲ್ಲಿ ಹಾಸುಗಳೆಲ್ಲ ಮುಗಿಯುತ್ತವೆ. ಒಳಮೂಲೆಗೆ, ಜಿಗ್‌ಸಾ ನಿಂತ ಜಾಗಕ್ಕೆ, ನೆಲ ಮುಟ್ಟುವ ಬುಡಕ್ಕೆ ಇನ್ನೊಂದು ಸಲ ಬಳಿಯಬೇಕು. ನೀರು ನಿಲ್ಲುವುದೂ ಕೊಳೆಯಲು ಶುರುವಾಗುವುದೂ ಅಲ್ಲೇ.