ಜೆಫ್ ಕೂಪರ್ ಕಲಿಸಿದ್ದರಲ್ಲಿ ಉಳಿದದ್ದೇನು?

ಪಿಸ್ತೂಲು ಹಿಡಿಯುವುದನ್ನು ಕಲಿಸಿದವನ ಬಗ್ಗೆ ಸಾಹಿತ್ಯ ಪತ್ರಿಕೆಯಲ್ಲಿ ಬರೆಯುವುದೇಕೆ ಎಂದು ಯಾರಾದರೂ ಕೇಳಬಹುದು. ಕಾರಣ ಇಷ್ಟೇ: ಅಮೆರಿಕದ ಜೆಫ್ ಕೂಪರ್ (1920–2006) ತನ್ನ ಶಿಷ್ಯರಿಗೆ ಕೈಚಳಕವನ್ನಷ್ಟೇ ಕೊಡಲಿಲ್ಲ, ಒಂದು ಭಾಷೆಯನ್ನೂ ಕೊಟ್ಟ. ಅಪಾಯವನ್ನು, ಎಚ್ಚರವನ್ನು, ಎದುರಿಗಿರುವವನನ್ನು ಯಾವ ಹೆಸರಿನಿಂದ ಕರೆಯಬೇಕೆಂದು ಹೇಳಿಕೊಟ್ಟ. ಆತ ಕಲಿಸಿದ ಭಂಗಿ ಈಗ ಹಳತಾಗಿದೆ. ಮಾತುಗಳು ಮಾತ್ರ ಉಳಿದಿವೆ. ಆತನ ಪಾಠದ ಬೆಲೆ ಕಟ್ಟುವುದಾದರೆ ಆ ಮಾತುಗಳಿಂದಲೇ ಕಟ್ಟಬೇಕು.

ನಮಗೆ ಕೋವಿ ಎಂದರೆ ಮೊದಲು ನೆನಪಾಗುವುದು ಕೊಡಗು. ಅಲ್ಲಿ ಅದು ಮನೆತನದ ಸೊತ್ತು, ಕೈಲ್ ಮುಹೂರ್ತದಂದು ಹೂವಿಟ್ಟು ಪೂಜಿಸುವ ವಸ್ತು. ಕೂಪರನ ಲೋಕ ಬೇರೆ. ಅಲ್ಲಿ ಪಿಸ್ತೂಲು ಎಂದರೆ ಸಾಮಾನ್ಯ ನಾಗರಿಕ ದಿನವೂ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವ ಸಾಧನ. ಅದು ಇರುವುದು ಇನ್ನೊಬ್ಬ ಮನುಷ್ಯನಿಂದ ತನ್ನನ್ನು ಕಾಪಾಡಿಕೊಳ್ಳಲು. ಮರೀನ್ ಪಡೆಯಲ್ಲಿ ಲೆಫ್ಟಿನೆಂಟ್ ಕರ್ನಲ್ ಆಗಿದ್ದ ಕೂಪರ್ 1976ರಲ್ಲಿ ಅರಿಝೋನಾದ ಪಾಲ್ಡನ್ ಬಳಿ ಶಾಲೆಯೊಂದನ್ನು ತೆರೆದ. ಇಂದು ಅದು ಗನ್‌ಸೈಟ್ ಎಂದು ಪ್ರಸಿದ್ಧ.

ಕೂಪರನ ನಿಜವಾದ ಗುಣ ಕಾಣುವುದು ಅದಕ್ಕೂ ಮೊದಲು, 1950ರ ದಶಕದ ಕೊನೆಯಲ್ಲಿ. ಕ್ಯಾಲಿಫೋರ್ನಿಯಾದ ಬಿಗ್ ಬೇರ್ ಎಂಬಲ್ಲಿ ಆತ ಪಿಸ್ತೂಲು ಸ್ಪರ್ಧೆಗಳನ್ನು ಏರ್ಪಡಿಸುತ್ತಿದ್ದ. ಆ ಕಾಲದಲ್ಲಿ ಪಿಸ್ತೂಲನ್ನು ಹೆಚ್ಚಾಗಿ ಒಂದೇ ಕೈಯಲ್ಲಿ ಹಿಡಿಯಲು ಕಲಿಸುತ್ತಿದ್ದರು. ಗುರಿ ಹತ್ತಿರವಿದ್ದರೆ ಸೊಂಟದ ಮಟ್ಟದಿಂದಲೇ ಹಾರಿಸುವ ರೂಢಿಯೂ ಇತ್ತು. ಬಿಗ್ ಬೇರ್‌ನಲ್ಲಿ ಹೀಗೇ ಹಿಡಿಯಬೇಕೆಂಬ ಕಟ್ಟಳೆ ಇರಲಿಲ್ಲ, ಗೆದ್ದದ್ದೇ ಸರಿ. ಜ್ಯಾಕ್ ವೀವರ್ ಎಂಬ ಪೊಲೀಸ್ ಅಧಿಕಾರಿ ಎರಡೂ ಕೈಯಲ್ಲಿ ಹಿಡಿದು, ಕಣ್ಣಿನ ಮಟ್ಟಕ್ಕೆ ತಂದು, ಗುರಿ ನೋಡಿ ಹಾರಿಸಿ ಗೆದ್ದ. ಕೂಪರ್ ಅದನ್ನು ಒಪ್ಪಿಕೊಂಡ, ಅವನ ಹೆಸರಿನಲ್ಲೇ ಕಲಿಸಿದ. ಇನ್ನೊಬ್ಬನ ಕೈಯಲ್ಲಿ ಕಂಡದ್ದಕ್ಕೆ ಅವನ ಹೆಸರನ್ನೇ ಇಟ್ಟು ಹೇಳಿಕೊಡುವ ಗುರುಗಳು ಯಾವ ವಿದ್ಯೆಯಲ್ಲೂ ಕಡಿಮೆ.

ಆದರೆ ಅದೇ ಪರೀಕ್ಷೆ ತನ್ನ ಪಾಠಕ್ಕೆ ಎದುರಾದಾಗ ಆತ ಅಷ್ಟು ಉದಾರಿಯಾಗಲಿಲ್ಲ. 1976ರಲ್ಲಿ ಅಂತರರಾಷ್ಟ್ರೀಯ ಪ್ರಾಯೋಗಿಕ ಶೂಟಿಂಗ್ ಒಕ್ಕೂಟ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷ ಕೂಪರನೇ. 1980ರ ದಶಕದಲ್ಲಿ ಅದರ ಸ್ಪರ್ಧೆಗಳಲ್ಲಿ ರಾಬ್ ಲೀಥಮ್, ಬ್ರಯಾನ್ ಈನೋಸ್ ಮುಂತಾದವರು ಎರಡೂ ತೋಳುಗಳನ್ನು ನೇರವಾಗಿ ಚಾಚುವ ಬೇರೊಂದು ಭಂಗಿಯಲ್ಲಿ ಗೆಲ್ಲತೊಡಗಿದರು. ಕೂಪರನಿಗೆ ಆ ಸ್ಪರ್ಧೆಗಳೇ ಬರೀ ಆಟವಾಗಿಬಿಟ್ಟವು ಎನಿಸಿತು. ಈ ದೂರಿನಲ್ಲಿ ಹುರುಳಿಲ್ಲದಿಲ್ಲ. ಆದರೂ ಬಿಗ್ ಬೇರ್‌ನಲ್ಲಿ ತಾನೇ ಹೂಡಿದ ತಕ್ಕಡಿ ಅದು.

ಭಂಗಿಯ ವಿಷಯ ಹಾಗಿರಲಿ. ಆತನ ನಾಲ್ಕು ಸುರಕ್ಷತಾ ನಿಯಮಗಳನ್ನು ಮಾತ್ರ ಯಾರೂ ಹಿಂದೆ ಹಾಕಿಲ್ಲ. ಯಾವ ಬಂದೂಕೂ ಖಾಲಿಯಲ್ಲ ಎಂದೇ ತಿಳಿಯಬೇಕು. ನಾಶ ಮಾಡಲು ಮನಸ್ಸಿಲ್ಲದ ಯಾವುದರ ಕಡೆಗೂ ನಳಿಗೆಯ ಬಾಯಿ ತಿರುಗಬಾರದು. ಗುರಿ ಕೂಡುವವರೆಗೆ ಬೆರಳು ಟ್ರಿಗರ್ ಮುಟ್ಟಬಾರದು. ಎದುರಿಗಿರುವುದು ಏನು, ಅದರ ಹಿಂದೆ ಏನಿದೆ ಎಂಬುದು ಖಚಿತವಾಗಿರಬೇಕು. ಒಂದು ನಿಯಮ ತಪ್ಪಿದರೂ ಉಳಿದವು ಜೀವ ಉಳಿಸುವಂತೆ ಇವು ಒಂದಕ್ಕೊಂದು ಆತುಕೊಂಡಿವೆ. ಇವುಗಳಲ್ಲಿ ಶತ್ರುವಿನ ಸುದ್ದಿಯೇ ಇಲ್ಲ ಎಂಬುದನ್ನು ಗಮನಿಸಬೇಕು. ನಾಲ್ಕೂ ಹೇಳುವುದು ಒಂದೇ ಮಾತು: ಇಲ್ಲಿ ಅಪಾಯ ಎಂದರೆ ನೀನು. ನಿನ್ನ ನೆನಪನ್ನು ನಂಬಬೇಡ, ನಿನ್ನ ಬೆರಳನ್ನು ನಂಬಬೇಡ, ನಿನ್ನ ಕಣ್ಣಿಗೆ ಕಂಡದ್ದನ್ನೂ ಸುಮ್ಮನೆ ನಂಬಬೇಡ.

ಆತನ ಇನ್ನೊಂದು ಪ್ರಸಿದ್ಧ ಪಾಠ ಬಣ್ಣಗಳದ್ದು. ಬಿಳಿ ಎಂದರೆ ಮೈಮರೆವು, ಹಳದಿ ಎಂದರೆ ನಿರಾಳವಾದ ಎಚ್ಚರ, ಕಿತ್ತಳೆ ಎಂದರೆ ನಿರ್ದಿಷ್ಟವಾದ ಒಂದರ ಮೇಲೆ ನಾಟಿದ ಎಚ್ಚರ, ಕೆಂಪು ಎಂದರೆ ಹೋರಾಟಕ್ಕೆ ಮನಸ್ಸು ಸಿದ್ಧ. ಅನೇಕರು ಇವನ್ನು ಅಪಾಯದ ಮಟ್ಟಗಳೆಂದು ತಪ್ಪು ತಿಳಿದಿದ್ದಾರೆ. ಕೂಪರ್ ಹೇಳಿದ್ದು ಹೊರಗಿನ ಅಪಾಯವನ್ನಲ್ಲ, ಒಳಗಿನ ಮನಸ್ಥಿತಿಯನ್ನು. ಇಲ್ಲಿಯವರೆಗೂ ಆತ ಒಳ್ಳೆಯ ಮೇಷ್ಟ್ರು.

ತೊಡಕು ಆಮೇಲೆ. 1972ರಲ್ಲಿ ಬಂದ ಆತನ ವೈಯಕ್ತಿಕ ರಕ್ಷಣೆಯ ಕಿರುಪುಸ್ತಕದಲ್ಲಿ ಏಳು ತತ್ವಗಳಿವೆ: ಎಚ್ಚರ, ನಿರ್ಧಾರ, ಆಕ್ರಮಣಶೀಲತೆ, ವೇಗ, ಸಮಚಿತ್ತ, ನಿರ್ದಯತೆ, ಅನಿರೀಕ್ಷಿತತೆ. ಸಂಯಮಕ್ಕೆ ಆ ಪಟ್ಟಿಯಲ್ಲಿ ಜಾಗವಿಲ್ಲ. ಇನ್ನು ಆಕ್ರಮಣ ಮಾಡುವವನಿಗೆ ಕೂಪರ್ ಇಟ್ಟ ಹೆಸರು ಗಾಬ್ಲಿನ್. ಅಂದರೆ ಯುರೋಪಿನ ಅಜ್ಜಿಕತೆಗಳಲ್ಲಿ ಬರುವ ಕುಳ್ಳ ಪಿಶಾಚಿ. ತಮಾಷೆಯ ಮಾತೆಂದು ಬಿಟ್ಟುಬಿಡುವಂತಿಲ್ಲ. ಪಿಶಾಚಿಯನ್ನು ಯಾರೂ ನೀನು ಯಾರೆಂದು ಕೇಳುವುದಿಲ್ಲ. ಗುರಿ ಏನೆಂದು ಖಚಿತಪಡಿಸಿಕೋ ಎನ್ನುವ ನಾಲ್ಕನೆಯ ನಿಯಮ ಸಂದೇಹವನ್ನು ಕಲಿಸುತ್ತದೆ. ಗಾಬ್ಲಿನ್ ಎಂಬ ಪದ ಆ ಸಂದೇಹವನ್ನೇ ಅಳಿಸುತ್ತದೆ. ಒಬ್ಬನೇ ಗುರು ಎರಡನ್ನೂ ಕಲಿಸಿದ.

ಇದು ಬರೀ ಪದಗಳ ಜಗಳವಲ್ಲ. 1992ರ ಅಕ್ಟೋಬರಿನಲ್ಲಿ ಲೂಸಿಯಾನಾದ ಬ್ಯಾಟನ್ ರೂಜ್‌ನಲ್ಲಿ ಯೋಶಿಹಿರೊ ಹತ್ತೋರಿ ಎಂಬ 16 ವರ್ಷದ ಜಪಾನಿ ವಿದ್ಯಾರ್ಥಿ ಹ್ಯಾಲೋವೀನ್ ಪಾರ್ಟಿಗೆ ಹೊರಟು ತಪ್ಪಿ ಬೇರೆ ಮನೆಯ ಗಂಟೆ ಒತ್ತಿದ. ಮನೆಯವನು ಬಂದೂಕು ಹಿಡಿದು ನಿಲ್ಲೆಂದು ಕೂಗಿದ. ಹುಡುಗ ನಿಲ್ಲದೆ ಮುಂದೆ ಬಂದ, ಗುಂಡು ತಗಲಿ ಸತ್ತ. 1993ರಲ್ಲಿ ಜ್ಯೂರಿ ಮನೆಯವನನ್ನು ಬಿಡುಗಡೆ ಮಾಡಿತು. ಮುಂದೆ ಸಿವಿಲ್ ನ್ಯಾಯಾಲಯ ಅವನನ್ನೇ ಹೊಣೆ ಮಾಡಿತು. ಇದನ್ನು ಕೂಪರನ ತಲೆಗೆ ಕಟ್ಟುವುದು ಅನ್ಯಾಯ. ಆದರೆ ಬಾಗಿಲಲ್ಲಿ ನಿಂತವನು ದಾರಿ ತಪ್ಪಿದ ಹುಡುಗನೂ ಆಗಿರಬಹುದೆಂದು ಯೋಚಿಸಲು ಬೇಕಾದ ಆ ಒಂದು ಕ್ಷಣವನ್ನು ಯಾವ ಪಾಠ ಉಳಿಸಿಕೊಡುತ್ತದೆ, ಯಾವ ಪಾಠ ಕಿತ್ತುಕೊಳ್ಳುತ್ತದೆ ಎಂದು ಕೇಳಲೇಬೇಕು.

ಕೂಪರನ ನಂತರದ ಮಸಾದ್ ಅಯೂಬ್ 1980ರ ತನ್ನ ಪುಸ್ತಕದಲ್ಲಿ ಗುರಿಗಾರಿಕೆಗಿಂತ ಕಾನೂನಿಗೆ, ಗುಂಡು ಹಾರಿಸುವವನ ಹೊಣೆಗೆ ಒತ್ತು ಕೊಟ್ಟ. ಎದುರಾಳಿಗೆ ಕೊಲ್ಲುವ ಸಾಮರ್ಥ್ಯವಿದೆಯೇ, ಅದಕ್ಕೆ ಅವಕಾಶವಿದೆಯೇ, ಈ ಗಳಿಗೆಯಲ್ಲಿ ಪ್ರಾಣಕ್ಕೆ ಕುತ್ತು ಬಂದಿದೆಯೇ ಎಂಬ ಮೂರು ಪ್ರಶ್ನೆ ಆತನ ಪಾಠದ ಬುನಾದಿ. ಪಿಶಾಚಿ ಮತ್ತೆ ಮನುಷ್ಯನಾಗುವುದು ಇಂಥ ಪ್ರಶ್ನೆಗಳಿಂದ.

ಕೂಪರನ ನಾಲ್ಕು ನಿಯಮಗಳಿಗೆ ಅನೇಕ ಜೀವಗಳ ಋಣವಿದೆ ಎಂದು ನಂಬಲು ಅಡ್ಡಿಯಿಲ್ಲ. ಬಿಗ್ ಬೇರ್‌ನ ಆ ತೆರೆದ ಮನಸ್ಸೂ ಬೇಕು. ಗಾಬ್ಲಿನ್ ಎಂಬ ಪದವನ್ನು ಮಾತ್ರ ಆತನ ಜೊತೆಗೇ ಕಳಿಸಿಬಿಡಬೇಕಿತ್ತು. ಇಂದು ಯಾರೇ ಈ ವಿದ್ಯೆ ಕಲಿಸಲು ಬಂದರೂ ಎಷ್ಟು ಗುಂಡು ಹಾರಿಸಲು ಕಲಿಸುತ್ತೀರಿ ಎಂದು ಕೇಳುವುದರಿಂದ ಏನೂ ತಿಳಿಯದು. ಹಾರಿಸದೆ ಇರುವುದನ್ನು ಕಲಿಸಲು ಎಷ್ಟು ಹೊತ್ತು ಇಟ್ಟಿದ್ದೀರಿ ಎಂದು ಕೇಳಬೇಕು.