ಕೊಲಿಮಾದ ಮಣ್ಣಿನ ನಾಯಿಗಳು: ಸಂಕೇತ ಮತ್ತು ಸಂದರ್ಭ

ಪ್ರಾಚೀನ ಮೆಸೊಅಮೆರಿಕದ ಸುಟ್ಟಮಣ್ಣಿನ ಶಿಲ್ಪಗಳಲ್ಲಿ ಪಶ್ಚಿಮ ಮೆಕ್ಸಿಕೊದ ಕೊಲಿಮಾ ನಾಯಿಗಳಷ್ಟು ಪ್ರಸಿದ್ಧವಾದವು ವಿರಳ. ಸುಮಾರು ಕ್ರಿ.ಪೂ. 300ರಿಂದ ಕ್ರಿ.ಶ. 300ರವರೆಗೆ, ಬಾವಿಯಂತೆ ನೇರವಾಗಿ ತೋಡಿ ತಳದಲ್ಲಿ ಕೋಣೆ ಕೊರೆದ ಸಮಾಧಿಗಳಲ್ಲಿ ಇವನ್ನು ಮೃತರೊಡನೆ ಇರಿಸಲಾಗುತ್ತಿತ್ತು. ಕೆಂಪು ಲೇಪದ ನುಣುಪು ಮೈ, ಉಬ್ಬಿದ ಹೊಟ್ಟೆ, ಗಿಡ್ಡ ಕಾಲುಗಳು ಇವುಗಳ ಲಕ್ಷಣ.

ಈ ನಾಯಿ ಮೃತನ ಆತ್ಮಕ್ಕೆ ದಾರಿ ತೋರುವ ಸಂಗಾತಿಯ ಸಂಕೇತವೆಂಬುದು ರೂಢಿಗತ ವ್ಯಾಖ್ಯಾನ. ಇದಕ್ಕೆ ಮುಖ್ಯ ಆಧಾರ, ಬರ್ನಾರ್ಡಿನೊ ದೆ ಸಹಾಗುನ್ 16ನೆಯ ಶತಮಾನದಲ್ಲಿ ಮಧ್ಯ ಮೆಕ್ಸಿಕೊದ ನಹುವಾ ಜನರಿಂದ ಸಂಗ್ರಹಿಸಿದ ಕಥನ. ಅದರಂತೆ ಸತ್ತವನನ್ನು ಪರಲೋಕದ ನದಿ ದಾಟಿಸಬಲ್ಲುದು ಹಳದಿ ನಾಯಿ ಮಾತ್ರ. ಬಿಳಿಯದು ತಾನು ಆಗಷ್ಟೇ ಮಿಂದಿರುವುದಾಗಿಯೂ ಕರಿಯದು ತನ್ನ ಮೈಗೆ ಕಲೆ ಹತ್ತಿರುವುದಾಗಿಯೂ ನೆಪ ಹೇಳುತ್ತವೆ.

ಕಥನ ಅರ್ಥಪೂರ್ಣವಾದುದೇ. ಆದರೆ ಸಮಾಧಿಗಳಿಗೂ ಅದಕ್ಕೂ ನಡುವೆ ಸಾವಿರದ ಇನ್ನೂರು ವರ್ಷಗಳಿಗೂ ಮಿಕ್ಕ ಅಂತರವಿದೆ, ಪ್ರದೇಶವೂ ಬೇರೆ. ನಂಬಿಕೆಗಳು ದೀರ್ಘಕಾಲ ಬಾಳುತ್ತವೆಂಬುದು ನಿಜವಾದರೂ, ಬಾಳಿದವೆಂಬುದನ್ನು ಸಾಧಿಸಿ ತೋರಿಸಬೇಕೇ ಹೊರತು ಮೊದಲೇ ಒಪ್ಪಿಕೊಂಡು ಹೊರಡುವಂತಿಲ್ಲ.

ಶಿಲ್ಪಗಳೇ ಬೇರೆ ಮಾತನ್ನೂ ಆಡುತ್ತವೆ. ಅನೇಕ ನಾಯಿಗಳ ಒಡಲು ಟೊಳ್ಳು, ಮೇಲೊಂದು ಬಾಯಿ. ಅಂದರೆ ಅವು ಪಾತ್ರೆಗಳೂ ಹೌದು. ಕೆಲವು ಮೆಕ್ಕೆಜೋಳದ ತೆನೆ ಕಚ್ಚಿವೆ, ಕೆಲವು ಮನುಷ್ಯಮುಖದ ಮುಖವಾಡ ಧರಿಸಿವೆ. ಮೆಸೊಅಮೆರಿಕದಲ್ಲಿ ನಾಯಿ ಆಹಾರವೂ ಆಗಿತ್ತೆಂಬುದನ್ನು ನೆನೆದರೆ, ಈ ಕೊಬ್ಬಿದ ಮೈ ಮೃತನಿಗಿತ್ತ ಬುತ್ತಿಯನ್ನೂ ಸೂಚಿಸಬಹುದು. ಸಂಗಾತಿ ಮತ್ತು ಬುತ್ತಿ ಪರಸ್ಪರ ವಿರೋಧಿ ಅರ್ಥಗಳಲ್ಲ. ಒಂದೇ ಆಚರಣೆ ಎರಡನ್ನೂ ಹೊತ್ತಿರಬಹುದು.

ಯಾವ ಅರ್ಥ ಎಲ್ಲಿ ಸಲ್ಲುತ್ತದೆಂಬುದನ್ನು ಹೇಳಬೇಕಾದುದು ಸಮಾಧಿಯೇ. ದುರದೃಷ್ಟವಶಾತ್, ವಸ್ತುಸಂಗ್ರಹಾಲಯಗಳಲ್ಲಿರುವ ಬಹುಪಾಲು ಶಿಲ್ಪಗಳು ನಿಧಿಗಳ್ಳರ ಮೂಲಕ ಬಂದವು. ಇದಕ್ಕೆ ಪ್ರತಿಯಾಗಿ, ಹಲಿಸ್ಕೊ ರಾಜ್ಯದ ಹುಯಿತ್ಸಿಲಾಪದಲ್ಲಿ 1993ರಲ್ಲಿ ದೊರೆತ ಅಕ್ಷತ ಸಮಾಧಿಯಲ್ಲಿ ಎರಡು ಕೋಣೆಗಳೂ ಆರು ಮಂದಿಯ ಅವಶೇಷಗಳೂ ಇದ್ದವು. ಅಲ್ಲಿ ಯಾವ ವಸ್ತು ಯಾರ ಬಳಿ ಇತ್ತೆಂಬುದನ್ನು ಗುರುತಿಸಲು ಸಾಧ್ಯವಾಯಿತು; ಎಲುಬುಗಳ ಪರಿಶೀಲನೆ ಮೃತರ ರಕ್ತಸಂಬಂಧದ ಸುಳಿವನ್ನೂ ನೀಡಿತು.

ಹೇಳಿದವರು, ಕೇಳಿದವರು, ಸಂದರ್ಭ ಯಾವುದೂ ದಾಖಲಾಗದ ಕಥೆಯನ್ನು ಜಾನಪದ ವಿದ್ವಾಂಸರು ಎಚ್ಚರದಿಂದ ಬಳಸುತ್ತಾರೆ. ನೆಲೆ ಕಳೆದುಕೊಂಡ ಗೊಂಬೆಗೂ ಅದೇ ಎಚ್ಚರ ಸಲ್ಲಬೇಕು. ಕಳ್ಳರು ಒಯ್ದದ್ದು ಮಣ್ಣಿನ ನಾಯಿಯನ್ನಷ್ಟೇ ಅಲ್ಲ, ಅದು ಯಾರಿಗಾಗಿ ಕಾದಿತ್ತೆಂಬ ಉತ್ತರವನ್ನೂ.