ಕೆಮ್ಮದ ಕತ್ತೆ, ಕೆಮ್ಮುವ ಕುದುರೆ

ಚಿಂತಾಮಣಿಯಲ್ಲಾಗಲಿ ಶಿಡ್ಲಘಟ್ಟದಲ್ಲಾಗಲಿ ಬೆಳಗಿನ ಹೊತ್ತು ‘ಕತ್ತೇ ಹಾಲೂ’ ಎಂಬ ಕೂಗು ಕೇಳಿದರೆ, ಬಾಣಂತಿ ಇರುವ ಮನೆಯಿಂದ ಮೊದಲು ಹೊರಗೆ ಬರುವವಳು ಅಜ್ಜಿ. ಮಾರುವವಳು ತೆಲುಗಿನಲ್ಲಿ ಬೆಲೆ ಹೇಳುತ್ತಾಳೆ, ಅಜ್ಜಿ ತೆಲುಗಿನಲ್ಲೇ ಚೌಕಾಸಿ ಮಾಡುತ್ತಾಳೆ. ಈ ಸೀಮೆಯಲ್ಲಿ ಅದಕ್ಕೆ ದುಭಾಷಿ ಬೇಕಿಲ್ಲ. ಕತ್ತೆಯನ್ನು ಬಾಗಿಲಲ್ಲೇ ನಿಲ್ಲಿಸಿ, ಕಣ್ಣೆದುರೇ ಕರೆದು, ಒಂದು ಒಳಲೆಯಷ್ಟು ಹಾಲನ್ನು ಮಗುವಿನ ಬಾಯಿಗೆ ಬಿಡುತ್ತಾರೆ. ಇನ್ನು ಕೆಮ್ಮು, ಕಫ, ಗೂರಲು ಹತ್ತಿರ ಸುಳಿಯುವುದಿಲ್ಲ ಎಂಬ ಭರವಸೆ ಬೆಲೆಯಲ್ಲೇ ಸೇರಿಕೊಂಡಿದೆ. ಮರಿ ಹಾಕಿ ಎಷ್ಟು ದಿನವಾಯಿತು ಎಂದು ಅಜ್ಜಿ ಕೇಳುತ್ತಾಳೆ. ಕತ್ತೆಯ ಎದೆ ಹೇಗಿದೆ ಎಂದು ಕೇಳಿದವರನ್ನು ನಾನಂತೂ ಕಂಡಿಲ್ಲ.

ಕೇಳಬೇಕಾದದ್ದು ಅದನ್ನೇ. ಕುದುರೆ, ಕತ್ತೆ, ಹೇಸರಗತ್ತೆಗಳ ಶ್ವಾಸಕೋಶದಲ್ಲಿ ಬಾಳುವ ಹುಳುವೊಂದಿದೆ. ಇಂಗ್ಲೆಂಡಿನ ಕಾಬೋಲ್ಡ್ 1884ರಲ್ಲಿ ವಿವರಿಸಿದ ಈ ಹುಳುವಿಗೆ ಈಗಿರುವ ಹೆಸರು ಡಿಕ್ಟಿಯೊಕಾಲಸ್ ಆರ್ನ್‌ಫೀಲ್ಡಿ. ನೋಡಲು ಬಿಳಿ ನೂಲಿನ ಎಳೆ; ಹೆಣ್ಣು 6 ಸೆಂ.ಮೀ.ವರೆಗೂ ಬೆಳೆಯುತ್ತದೆ. ಶ್ವಾಸನಾಳದ ಕವಲುಗಳಲ್ಲಿ ಅದಿಟ್ಟ ಮೊಟ್ಟೆ ಕಫದ ಜೊತೆ ಗಂಟಲಿಗೇರುತ್ತದೆ, ಪ್ರಾಣಿ ಅದನ್ನು ನುಂಗುತ್ತದೆ, ಲದ್ದಿಯಲ್ಲಿ ಹೊರಬಿದ್ದ ಕೆಲವೇ ಗಂಟೆಗಳಲ್ಲಿ ಮೊಟ್ಟೆಯೊಡೆದು ಮರಿ ಹೊರಡುತ್ತದೆ. ತೇವವೂ ಹದವಾದ ಬಿಸಿಯೂ ಸಿಕ್ಕರೆ ವಾರದೊಳಗೆ ಸೋಂಕು ಹಚ್ಚುವಷ್ಟು ಬಲಿಯುತ್ತದೆ. ಹುಲ್ಲಿನ ಜೊತೆ ಹೊಟ್ಟೆಗೆ ಹೋಗಿ, ಕರುಳಿನ ಗೋಡೆ ದಾಟಿ, ರಕ್ತದ ದಾರಿ ಹಿಡಿದು ಮತ್ತೆ ಎದೆಗೆ ಬರುತ್ತದೆ. ಎರಡರಿಂದ ನಾಲ್ಕು ತಿಂಗಳಲ್ಲಿ ಒಂದು ಸುತ್ತು ಪೂರ್ತಿ.

ವಿಚಿತ್ರ ಇರುವುದು ಇದರ ಮುಂದೆ. ಕತ್ತೆಗೆ ಈ ಹುಳು ಹಳೆಯ ಬಾಡಿಗೆದಾರ. ವರ್ಷಗಟ್ಟಲೆ ಒಳಗಿದ್ದರೂ ಕತ್ತೆ ಸಾಮಾನ್ಯವಾಗಿ ಕೆಮ್ಮುವುದಿಲ್ಲ, ಸೊರಗುವುದಿಲ್ಲ, ದಿನವೂ ಲದ್ದಿಯಲ್ಲಿ ಮರಿಗಳನ್ನು ಹಂಚುತ್ತಾ ಮೇಯುತ್ತಿರುತ್ತದೆ. ಅದೇ ಹುಲ್ಲು ತಿಂದ ಕುದುರೆಯಲ್ಲಿ ಹುಳು ಬಹುಮಟ್ಟಿಗೆ ಪೂರ್ತಿ ಬೆಳೆಯುವುದೇ ಇಲ್ಲ. ಆದರೆ ಬೆಳೆಯದ ಹುಳುವೇ ಅದರ ಎದೆಯನ್ನು ಕೆರಳಿಸುತ್ತದೆ. ಓಡಿಸಿದರೆ ಕೆಮ್ಮು, ನಿಲ್ಲಿಸಿದರೂ ತಿಂಗಳುಗಟ್ಟಲೆ ಕೆಮ್ಮು. ಬೆಳೆದ ಕುದುರೆಯ ಲದ್ದಿ ಪರೀಕ್ಷಿಸಿದರೆ ಸಾಮಾನ್ಯವಾಗಿ ಏನೂ ಸಿಗದು. ಹೇಸರಗತ್ತೆ ತಂದೆಯ ಕಡೆಯ ಗುಣವನ್ನು ಇಲ್ಲೂ ಸ್ವಲ್ಪ ಉಳಿಸಿಕೊಂಡಿದೆ: ಹುಳುವನ್ನು ಹೊತ್ತು ಹಂಚಬಲ್ಲದು. ಒಟ್ಟಿನಲ್ಲಿ ರೋಗದ ಸದ್ದು ಒಂದು ಪ್ರಾಣಿಯಲ್ಲಿ, ಬೇರು ಇನ್ನೊಂದರಲ್ಲಿ.

ನಮ್ಮ ರೂಢಿಯ ಚಿಕಿತ್ಸೆ ಸೋಲುವುದು ಇಲ್ಲೇ. ಚಿಕ್ಕಬಳ್ಳಾಪುರದ ಕಡೆ ಜಟಕಾ ಓಡಿದ ಕಾಲದಲ್ಲೂ, ಇಂದು ಕುದುರೆ ಉಳಿದಿರುವುದು ಮದುವೆ ಮೆರವಣಿಗೆಗೆ ಮಾತ್ರ ಎನ್ನುವ ಕಾಲದಲ್ಲೂ, ಔಷಧಿ ಸಿಗುವುದು ಕೆಮ್ಮಿದವನಿಗೆ. ಹುರುಳಿ ತಿನ್ನುವ ಕುದುರೆಗೆ ಬೆಲೆಯಿದೆ, ಮಾಲೀಕ ಆಸ್ಪತ್ರೆಗೆ ನಡೆಸಿಕೊಂಡು ಹೋಗುತ್ತಾನೆ. ದೂಳು, ಒಣಹುಲ್ಲಿನ ಬೂಷ್ಟು, ನೆಗಡಿ ಎಂದು ಒಂದೊಂದಾಗಿ ಊಹಿಸಿ ಮದ್ದು ಕೊಡುತ್ತಾರೆ. ದೂಳಿನಿಂದಲೂ ಕುದುರೆ ಕೆಮ್ಮುತ್ತದೆ ನಿಜ, ಊಹೆ ತಪ್ಪೆನ್ನಲಾಗದು. ಆದರೆ ‘ಇದರ ಜೊತೆ ಕತ್ತೆ ಮೇಯುತ್ತದೆಯೇ?’ ಎಂಬ ಒಂದು ಪ್ರಶ್ನೆ ಪ್ರಯೋಗಾಲಯಕ್ಕಿಂತ ಮೊದಲು ದಾರಿ ತೋರಿಸುತ್ತದೆ. ಪಕ್ಕದ ಕತ್ತೆಯನ್ನು ಬಿಟ್ಟು ಕುದುರೆಗಷ್ಟೇ ಮದ್ದು ಕೊಡುವುದೆಂದರೆ, ಸೋರುವ ಮಾಡನ್ನು ಬಿಟ್ಟು ನೆಲ ಒರೆಸಿದ ಹಾಗೆ.

ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಪಶುವೈದ್ಯಕೀಯ ಎಂದರೆ ಹಸು. ಹಾಲಿನ ಡೇರಿ ಇಲ್ಲದ ಹಳ್ಳಿ ಹುಡುಕಬೇಕು, ಆಕಳಿಗೆ ಬಂದ ಕೆಚ್ಚಲುಬಾವು ಊರಿನ ಸುದ್ದಿ. 1962ಕ್ಕೆ ಫೋನು ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಬರುವ ವ್ಯವಸ್ಥೆಯಿದೆ. ಕತ್ತೆಗೆಂದು ಆ ಸಂಖ್ಯೆ ಒತ್ತುವ ಮನಸ್ಸು ಎಷ್ಟು ಜನಕ್ಕಿದೆ? ಕತ್ತೆಗಳೂ ಕರಗುತ್ತಿವೆ. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ 3.2 ಲಕ್ಷವಿದ್ದದ್ದು 2019ಕ್ಕೆ 1.2 ಲಕ್ಷಕ್ಕೆ ಇಳಿಯಿತು. ಮಡಿವಾಳರ ಬಟ್ಟೆಗಂಟು ಹೊರುವ ಕೆಲಸ ಹೋಯಿತು, ಇಟ್ಟಿಗೆ ಮರಳು ಟ್ರಾಕ್ಟರಿಗೆ ಹೋಯಿತು. ಉಳಿದಿರುವುದು ಹಾಲು. ಅದರ ಜೊತೆಗೆ, ಮಳೆ ಕೈಕೊಟ್ಟ ವರ್ಷ ಬಾಸಿಂಗ ಕಟ್ಟಿಸಿಕೊಂಡು ಮದುವೆಯಾಗುವ ಕೆಲಸ.

ಹುಳುವಿನ ಮೇಲೆ ಎಲ್ಲ ಹೊರೆ ಹೊರಿಸುವುದೂ ಸರಿಯಲ್ಲ. ಇದು ತಂಪು, ಜೌಗು ಹುಲ್ಲುಗಾವಲಿನ ರೋಗ. ಏಪ್ರಿಲ್ ಬಿಸಿಲಿಗೆ ಗೌರಿಬಿದನೂರಿನ ಬಯಲಲ್ಲಿ ಬಿದ್ದ ಲದ್ದಿ ಸಂಜೆಯೊಳಗೆ ಒಣಗಿ ಹಪ್ಪಳವಾಗುತ್ತದೆ. ಒಳಗಿನ ಮರಿ ಉಳಿಯುವುದು ಕಷ್ಟ. ಬಯಲುಸೀಮೆಯ ಬರ ನಮಗೆ ತಿಳಿಯದೆಯೇ ಜಂತುಹುಳು ಔಷಧಿಯ ಕೆಲಸ ಮಾಡುತ್ತಾ ಬಂದಿದೆ. ಆದರೆ ಕತ್ತೆ ಮೇಯುವುದು ಬಯಲಲ್ಲಿ ಮಾತ್ರವಲ್ಲ; ಕೆರೆಯಂಗಳದಲ್ಲಿ, ಚರಂಡಿಯಂಚಿನ ಹಸಿರಲ್ಲಿ. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ನೀರು ಚಿಕ್ಕಬಳ್ಳಾಪುರದ ಕಂದವಾರ ಕೆರೆಗೆ ಹರಿದ ಮೇಲೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತಿದ್ದ ಅಂಗಳಗಳ ಅಂಚು ಹಸಿಯಾಗಿ ಉಳಿಯುವಂತಾಗಿದೆ. ಅಂತರ್ಜಲದ ಲೆಕ್ಕ, ನೀರಿನ ಗುಣಮಟ್ಟದ ಜಗಳ ಎಲ್ಲರ ಬಾಯಲ್ಲಿದೆ. ಅಲ್ಲಿ ಮೇಯುವ ಪ್ರಾಣಿಗಳ ಹುಳುವಿನ ಲೆಕ್ಕವನ್ನೂ ಹಾಕಬೇಕಾದ ಕಾಲ ಇದು. ಹಸಿ ಲದ್ದಿಯ ಮೇಲೆ ಹುಟ್ಟುವ ಪೈಲೊಬೋಲಸ್ ಎಂಬ ಶಿಲೀಂಧ್ರ ತನ್ನ ಬೀಜಕಗಳ ತಲೆಯನ್ನು ಗುಂಡಿನಂತೆ ದೂರಕ್ಕೆ ಸಿಡಿಸುತ್ತದೆ. ಅದರ ಮೇಲೆ ಹತ್ತಿ ಕೂತ ಮರಿಹುಳುಗಳೂ ಜೊತೆಗೇ ಹಾರಿ ಶುಭ್ರವಾದ ಹುಲ್ಲಿಗೆ ಬೀಳುತ್ತವೆ. ಪುಕ್ಕಟೆ ಸವಾರಿ.

ಪತ್ತೆ ಮಾಡುವುದು ದುಬಾರಿಯೇ? ಅಲ್ಲ. ಇಡೀ ವಿಷಯದಲ್ಲಿ ನನಗೆ ಮೆಚ್ಚುಗೆಯಾದದ್ದು ಒಂದು ಆಲಿಕೆ. ಜಾವಾದಲ್ಲಿ ಮಣ್ಣಿನ ಹುಳುಗಳ ಬೆನ್ನು ಹತ್ತಿದ್ದ ಬೇರ್ಮನ್ 1917ರಲ್ಲಿ ಹೇಳಿಕೊಟ್ಟ ವಿಧಾನ: ಆಲಿಕೆಯ ಬಾಲಕ್ಕೆ ರಬ್ಬರ್ ನಳಿಕೆ ಸಿಕ್ಕಿಸಿ ಕ್ಲಿಪ್ ಹಾಕಿ, ಉಗುರುಬೆಚ್ಚಗಿನ ನೀರು ತುಂಬಿ, ಬಟ್ಟೆಯಲ್ಲಿ ಕಟ್ಟಿದ ತಾಜಾ ಲದ್ದಿಯನ್ನು ಅದರಲ್ಲಿ ಮುಳುಗಿಸಿ ರಾತ್ರಿ ಬಿಡುವುದು. ಮರಿಹುಳು ಹೊರಳಾಡುತ್ತಾ ಬಟ್ಟೆಯಿಂದ ಹೊರಬರುತ್ತದೆ, ಮೇಲಕ್ಕೆ ಈಜಲಾರದು, ತಳಕ್ಕಿಳಿಯುತ್ತದೆ. ಬೆಳಿಗ್ಗೆ ಕ್ಲಿಪ್ ಸಡಿಲಿಸಿ ನಾಲ್ಕು ಹನಿ ಸೂಕ್ಷ್ಮದರ್ಶಕದಡಿ ಇಟ್ಟರೆ ಮುಗಿಯಿತು. ಪರೀಕ್ಷಿಸಬೇಕಾದದ್ದು ಕೆಮ್ಮುವ ಕುದುರೆಯ ಲದ್ದಿಯನ್ನಲ್ಲ, ಕೆಮ್ಮದ ಕತ್ತೆಯ ಲದ್ದಿಯನ್ನು. ಇಷ್ಟು ಅಗ್ಗದ ಸಾಧನವನ್ನು ಬದಿಗಿಟ್ಟು ಕಣ್ಣಳತೆಯಲ್ಲಿ ಮದ್ದು ಸುರಿಯುವುದನ್ನು ನಾನು ಸೋಮಾರಿತನ ಎಂದೇ ಕರೆಯುತ್ತೇನೆ.

ಮದ್ದು ಇದೆ, ಒಳ್ಳೆಯದೇ ಇದೆ. ಐವರ್ಮೆಕ್ಟಿನ್ ಕಂಡುಹಿಡಿದ ಒಮುರಾ ಮತ್ತು ಕ್ಯಾಂಪ್‌ಬೆಲ್‌ಗೆ 2015ರಲ್ಲಿ ನೊಬೆಲ್ ಬಂತು. ಕೆ.ಜಿ.ಗೆ 0.2 ಮಿ.ಗ್ರಾಂ ಲೆಕ್ಕದಲ್ಲಿ 120 ಕೆ.ಜಿ. ತೂಗುವ ಕತ್ತೆಗೆ 24 ಮಿ.ಗ್ರಾಂ ಸಾಕು. ಕಣ್ಣಳತೆಯಲ್ಲಿ ಈ ಲೆಕ್ಕ ತಪ್ಪುತ್ತದೆ. ಕಡಿಮೆ ಬಿದ್ದರೆ ಬದುಕುಳಿದ ಹುಳು ಮದ್ದಿಗೆ ಒಗ್ಗಿಕೊಳ್ಳುತ್ತಾ ಹೋಗುತ್ತದೆ. ದನಕ್ಕೆಂದು ತಯಾರಾದ ಚುಚ್ಚುಮದ್ದನ್ನು ಕುದುರೆಗೆ ಚುಚ್ಚಿದರೆ ಆ ಜಾಗ ಊದಿಕೊಂಡು ಕೀವಾಗುವ, ಕೆಲವೊಮ್ಮೆ ಪ್ರಾಣಕ್ಕೇ ಬರುವ ಅಪಾಯವಿದೆ. ಈ ವರ್ಗದ ಪ್ರಾಣಿಗಳಿಗೆ ಬಾಯಿಗೆ ಕೊಡುವ ಪೇಸ್ಟೇ ಸರಿ.

ಈಗ ಮತ್ತೆ ಬಾಗಿಲಲ್ಲಿ ನಿಂತ ಕತ್ತೆಗೆ ಬರೋಣ. ಶ್ವಾಸಕೋಶದ ಹುಳು ಹಾಲಿನಿಂದ ಮಗುವಿಗೆ ದಾಟುವುದಿಲ್ಲ. ಆ ಭಯ ಹುಟ್ಟಿಸುವುದು ನನ್ನ ಉದ್ದೇಶವಲ್ಲ. ಆದರೆ ಕತ್ತೆಗೆ ಕೊಟ್ಟ ಐವರ್ಮೆಕ್ಟಿನ್ ಕೊಬ್ಬಿನಲ್ಲಿ ಕರಗಿ ದಿನಗಟ್ಟಲೆ ಹಾಲಿಗೆ ಇಳಿಯುತ್ತದೆ. ಡೇರಿಗೆ ಹಾಕುವ ಹಸುವಿಗಾದರೆ ಔಷಧಿ ಕೊಟ್ಟ ಮೇಲೆ ಇಂತಿಷ್ಟು ದಿನ ಹಾಲು ಹಾಕಬಾರದೆಂಬ ನಿಯಮವಾದರೂ ಇದೆ. ಬೀದಿಯ ಕತ್ತೆಗೆ ಯಾವ ಲೆಕ್ಕವೂ ಇಲ್ಲ, ಅದರ ಹಾಲು ಹೋಗುವುದು ಹಾಲು ಕುಡಿಯುವವರಲ್ಲೇ ಅತಿ ಚಿಕ್ಕ ಹೊಟ್ಟೆಗೆ, ಅದೂ ಕಾಯಿಸದೆ. ಕತ್ತೆಯ ಹಾಲು ಸಕ್ಕರೆಯಂಶದಲ್ಲಿ ತಾಯಿಹಾಲಿಗೆ ಹತ್ತಿರ, ಕೊಬ್ಬು ಕಡಿಮೆ. ಅಷ್ಟು ನಿಜ. ಕೆಮ್ಮು ಬರದಂತೆ ಕಾಯುತ್ತದೆ ಎಂಬುದಕ್ಕೆ ಈ ನಿಜ ಆಧಾರವಾಗದು.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿ ಮಾಡಿ ದೊಡ್ಡವರನ್ನೇ ಪ್ರಶ್ನೆ ಕೇಳಿದರು. ಅವರದೇ ಸೀಮೆಯಲ್ಲಿ ಒಂದು ಒಳಲೆ ಹಾಲಿನ ಬಗ್ಗೆ ಕೇಳಲು ಸಮಿತಿ ಬೇಕಿಲ್ಲ. ಈ ತಿಂಗಳು ಕತ್ತೆಗೆ ಏನು ಔಷಧಿ ಹಾಕಿದಿರಿ, ಯಾವತ್ತು ಹಾಕಿದಿರಿ? ಅಜ್ಜಿ ತೆಲುಗಿನಲ್ಲಿ ಕೇಳಿದರೂ ಆದೀತು.